ನಿಮ್ಮ ಬಾಗಿಲ ಮುಂದಿನ ಹಿತ್ತಾಳೆ ಕಲ್ಲು: ಜರ್ಮನಿಯ ಕನ್ನಡಿಗರಿಗೊಂದು ಬಹಿರಂಗ ಪತ್ರ

ಜರ್ಮನಿಯಲ್ಲಿರುವ ನನ್ನ ಕನ್ನಡ ಬಂಧುಗಳೇ,

ಈ ದೇಶಕ್ಕೆ ಬಂದ ಹೊಸದರಲ್ಲಿ ನಾವೆಲ್ಲ ಒದ್ದಾಡಿದ್ದು ಒಂದು ವಿಳಾಸಕ್ಕಾಗಿ. ಬಾಡಿಗೆ ಮನೆ ಸಿಗಬೇಕು, ಮನೆ ಮಾಲೀಕರು ಸಹಿ ಹಾಕಿ ಕಾಗದ ಕೊಡಬೇಕು, ಅದನ್ನು ಹಿಡಿದುಕೊಂಡು ಹೋಗಿ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಬೇಕು. ಅದಾಗುವ ತನಕ ತೆರಿಗೆ ಸಂಖ್ಯೆ ಇಲ್ಲ, ಬ್ಯಾಂಕ್ ಖಾತೆಗೂ ಪರದಾಟ. ಅಷ್ಟು ಕಷ್ಟಪಟ್ಟು ದಕ್ಕಿಸಿಕೊಂಡ ಆ ವಿಳಾಸದ ಮುಂದೆಯೇ, ಫುಟ್‌ಪಾತಿನಲ್ಲಿ, ಅಂಗೈಯಗಲದ ಹಿತ್ತಾಳೆ ಕಲ್ಲು ಇರಬಹುದು. ನಮಗಿಂತ ಮುಂಚೆ ಅದೇ ವಿಳಾಸದಲ್ಲಿದ್ದು, ಹಿಟ್ಲರನ ನಾಜಿ ಆಡಳಿತದ ಹಿಂಸೆಗೆ ತುತ್ತಾದವರ ಹೆಸರು ಅದರ ಮೇಲಿರುತ್ತದೆ. ಆ ಕಲ್ಲಿನ ವಿಚಾರವಾಗಿ ನಿಮ್ಮಲ್ಲಿ ಒಂದು ಕೆಲಸ ಕೇಳಿಕೊಳ್ಳಲು ಈ ಪತ್ರ.

ಜರ್ಮನರು ಅದನ್ನು ಷ್ಟೋಲ್ಪರ್‌ಷ್ಟೈನ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಕ್ಕಳು ಎಡವುಗಲ್ಲು ಅನ್ನುತ್ತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಹತ್ತು ಸೆಂಟಿಮೀಟರ್ ಚೌಕದ ಕಾಂಕ್ರೀಟ್ ಗಟ್ಟಿ, ಅದರ ನೆತ್ತಿಗೆ ಹಿತ್ತಾಳೆ ತಗಡು. ನೆಲಕ್ಕೆ ಸಮನಾಗಿ ಕೂತಿರುವುದರಿಂದ ಕಾಲಿಗೇನೂ ಎಡವುವುದಿಲ್ಲ. ತಗಡಿನ ಮೇಲೆ ಐದಾರು ಸಾಲು: ಇಲ್ಲಿ ವಾಸವಿದ್ದರು ಎಂಬ ಮಾತು, ಹೆಸರು, ಹುಟ್ಟಿದ ವರ್ಷ, ಯಾವಾಗ ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು. ಕೊಂದರು ಎಂದೇ ಬರೆದಿರುತ್ತದೆ, ತೀರಿಕೊಂಡರು ಎಂದಲ್ಲ. ಬದುಕಿ ಉಳಿದವರಿಗೂ ಈಗೀಗ ಕಲ್ಲಿದೆ. ಅಪ್ಪ ಅಮ್ಮ ಔಷ್ವಿಟ್ಸ್ ಎಂಬ ನಾಜಿ ಕೊಲೆ ಶಿಬಿರದಲ್ಲಿ ಹೋದರು, ಮಗಳನ್ನು 1939ರಲ್ಲಿ ಮಕ್ಕಳ ರೈಲಿನಲ್ಲಿ ಇಂಗ್ಲೆಂಡಿಗೆ ಕಳಿಸಿದ್ದರಿಂದ ಆಕೆ ಉಳಿದಳು ಎಂದಿಟ್ಟುಕೊಳ್ಳಿ. ಮೂರು ಕಲ್ಲುಗಳನ್ನೂ ಒಟ್ಟಿಗೇ ಇಡುತ್ತಾರೆ. ರೈಲ್ವೆ ನಿಲ್ದಾಣದಲ್ಲಿ ಬೇರೆಯಾದ ಕುಟುಂಬ ತಮ್ಮ ಮನೆಯ ಬಾಗಿಲಲ್ಲಿ ಮತ್ತೆ ಸೇರಲಿ ಎಂಬ ಆಸೆಯಿಂದ.

ಇದನ್ನು ಶುರು ಮಾಡಿದವರು ಗುಂಟರ್ ಡೆಮ್ನಿಗ್ ಎಂಬ ಕಲಾವಿದರು. 1947ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಮೊದಲ ಕಲ್ಲನ್ನು 1992ರ ಡಿಸೆಂಬರ್ 16ರಂದು ಕಲೋನ್ ನಗರದ ಹಳೆಯ ಪುರಭವನದ ಮುಂದೆ ಕೂರಿಸಿದರು. ಸಿಂತಿ ಮತ್ತು ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯಗಳ ಜನರನ್ನು ಶಿಬಿರಕ್ಕೆ ಸಾಗಿಸಲು ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹಿಮ್ಲರ್ ಹೊರಡಿಸಿದ ಆಜ್ಞೆಗೆ ಅಂದು 50 ವರ್ಷ ತುಂಬಿತ್ತು. 1996ರಲ್ಲಿ ಬರ್ಲಿನ್‌ನ ಒರಾನಿಯೆನ್‌ಸ್ಟ್ರಾಸೆಯಲ್ಲಿ 51 ಕಲ್ಲುಗಳನ್ನು ಅವರು ಯಾರ ಅಪ್ಪಣೆಯನ್ನೂ ಕೇಳದೆ ಹೂತರು. ಸರ್ಕಾರಿ ಒಪ್ಪಿಗೆ ಸಿಕ್ಕಿದ್ದು ಆಮೇಲೆ. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ ಒಂದು ಲಕ್ಷದ ಕಲ್ಲು ಬಿತ್ತು. ಬರ್ಲಿನ್ ಒಂದರಲ್ಲೇ 10,000ಕ್ಕೂ ಹೆಚ್ಚಿವೆ. ಹೆಚ್ಚಿನವು ಯಹೂದಿಯರವು. ಉಳಿದವು ರೋಮಾ ಜನರವು, ಅಂಗವಿಕಲರೆಂದು ಕೊಂದವರವು, ಸಲಿಂಗಿಗಳವು, ರಾಜಕೀಯ ವಿರೋಧಿಗಳವು, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರವು. ಕೊಲೆಯಾದ ಯಹೂದಿಯರೇ 60 ಲಕ್ಷ. ಆ ಲೆಕ್ಕಕ್ಕೆ ಲಕ್ಷ ಕಲ್ಲು ಎಲ್ಲಿಗೂ ಸಾಲದು, ಡೆಮ್ನಿಗ್ ಅವರಿಗೂ ಅದು ಗೊತ್ತು. ಮುಗಿಯುವುದಿಲ್ಲ ಎಂದು ಗೊತ್ತಿದ್ದೂ ಒಂದೊಂದಾಗಿ ಮಾಡುತ್ತ ಹೋಗುವ ಈ ಹಟವೇ ನನಗೆ ಅವರ ಕಲೆಯಲ್ಲಿ ದೊಡ್ಡದಾಗಿ ಕಾಣುವುದು.

ಇನ್ನೊಂದು ಹಟವೂ ಇದೆ. ಅಕ್ಷರಗಳನ್ನು ಯಂತ್ರದಲ್ಲಿ ಕೆತ್ತಿಸುವುದಿಲ್ಲ. ಬರ್ಲಿನ್‌ನ ಹೊರವಲಯದಲ್ಲಿ ಮೈಕೇಲ್ ಫ್ರೀಡ್ರಿಕ್ಸ್-ಫ್ರೀಡ್ಲೆಂಡರ್ ಎಂಬ ಶಿಲ್ಪಿ ಬಹಳ ವರ್ಷಗಳಿಂದ ಇದನ್ನು ಮಾಡುತ್ತಿದ್ದಾರೆ. ಹಿತ್ತಾಳೆ ತಗಡಿನ ಮೇಲೆ ಉಕ್ಕಿನ ಅಕ್ಷರದ ಅಚ್ಚನ್ನು ನಿಲ್ಲಿಸುತ್ತಾರೆ, ಸುತ್ತಿಗೆಯಿಂದ ಹೊಡೆಯುತ್ತಾರೆ, ಮುಂದಿನ ಅಚ್ಚು ತೆಗೆದುಕೊಳ್ಳುತ್ತಾರೆ. ಒಂದು ಹೆಸರಿಗೆ ಎಷ್ಟು ಅಕ್ಷರವೋ ಅಷ್ಟು ಏಟು. ಲಕ್ಷಗಟ್ಟಲೆ ಜನರನ್ನು ಕಾರ್ಖಾನೆಯ ಸರಕಿನಂತೆ ಪಟ್ಟಿ ಮಾಡಿ, ರೈಲಿಗೆ ತುಂಬಿ, ಸಂಖ್ಯೆಯಾಗಿ ಮುಗಿಸಿದ ವ್ಯವಸ್ಥೆಗೆ ಎದುರಾಗಿ ಒಬ್ಬೊಬ್ಬರ ಹೆಸರಿಗೂ ಒಬ್ಬ ಮನುಷ್ಯ ಕೂತು ಹೊತ್ತು ಕೊಡಬೇಕು ಎನ್ನುವುದು ಇದರ ಹಿಂದಿನ ವಿಚಾರ. ಬೇಡಿಕೆ ಹೆಚ್ಚಾಗಿ ಜನ ತಿಂಗಳುಗಟ್ಟಲೆ ಕಾಯುತ್ತಾರೆ. ಆದರೂ ಯಂತ್ರ ತಂದಿಲ್ಲ. ತರಬಾರದು ಕೂಡ.

ಕಲ್ಲು ನೋಡದವರು ಬರ್ಲಿನ್‌ಗೆ ಬಂದರೆ ನಾನು ವೀಲಂಡ್‌ಸ್ಟ್ರಾಸೆ 15ಕ್ಕೆ ಕರೆದುಕೊಂಡು ಹೋಗುತ್ತೇನೆ. ಕುಡಾಮ್ ಎಂಬ ಹೆದ್ದಾರಿಬೀದಿಯ ದೊಡ್ಡ ಅಂಗಡಿಗಳಿಂದ ಪಕ್ಕಕ್ಕೆ ತಿರುಗಿದರೆ ಸಾಕು, ಮರಗಳ ಸಾಲಿನ ಬೀದಿ. ಅಲ್ಲಿ ಷಾರ್ಲೊಟೆ ಸಾಲೊಮೊನ್ ಬೆಳೆದಳು. 1917ರಲ್ಲಿ ಹುಟ್ಟಿದವಳು, ಅಪ್ಪ ವೈದ್ಯ, ಮಲತಾಯಿ ಗಾಯಕಿ. ಬರ್ಲಿನ್‌ನ ಕಲಾಶಾಲೆಯಲ್ಲಿ ಓದುತ್ತಿದ್ದವಳು 1939ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನಲ್ಲಿದ್ದ ಅಜ್ಜ ಅಜ್ಜಿಯ ಹತ್ತಿರ ಹೋಗಿ ಸೇರಿಕೊಂಡಳು. ಅಲ್ಲಿ ತನ್ನ ಬದುಕನ್ನೇ ಚಿತ್ರವಾಗಿ ಬರೆಯಲು ಕೂತಳು. ಕೆಂಪು, ಹಳದಿ, ನೀಲಿ, ಮೂರೇ ಮೂಲಬಣ್ಣ. ಅವನ್ನು ಕಲಸಿ, ಚಿತ್ರದ ಮೇಲೆ ಮಾತು, ಮಾತಿನ ಜೊತೆಗೆ ಯಾವ ಹಾಡು ನೆನಪಾಗಬೇಕು ಎಂಬ ಸೂಚನೆ ಎಲ್ಲ ಸೇರಿಸಿ 769 ಚಿತ್ರಗಳ ಒಂದೇ ಕಥೆ ಕಟ್ಟಿದಳು. ಕಟ್ಟನ್ನೆಲ್ಲ ಊರಿನ ವೈದ್ಯರೊಬ್ಬರ ಕೈಗಿಟ್ಟು, ಇದು ನನ್ನ ಇಡೀ ಬದುಕು, ಜೋಪಾನ ಎಂದಳು. 1943ರ ಅಕ್ಟೋಬರ್‌ನಲ್ಲಿ ಅವಳನ್ನು ಔಷ್ವಿಟ್ಸ್‌ನಲ್ಲಿ ಕೊಂದರು. ಇಪ್ಪತ್ತಾರು ವರ್ಷ, ಐದು ತಿಂಗಳ ಬಸುರಿ. ಹಾಲೆಂಡಿನಲ್ಲಿ ಹೇಗೋ ಉಳಿದುಕೊಂಡಿದ್ದ ಅಪ್ಪ ಮತ್ತು ಮಲತಾಯಿಗೆ ಯುದ್ಧ ಮುಗಿದ ಮೇಲೆ ಆ ಚಿತ್ರಗಳು ಸಿಕ್ಕವು. ಈಗ ಆಮ್‌ಸ್ಟರ್‌ಡಾಮ್‌ನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಆ ಮನೆ ಮುಂದಿನ ಕಲ್ಲಿನಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ. ಹೆಸರು, ವರ್ಷ, ಊರು, ಅಷ್ಟೇ. ಉಳಿದದ್ದನ್ನು ಹುಡುಕಿ ತಿಳಿಯಬೇಕಾದವರು ಆ ಬೀದಿಯಲ್ಲಿ ನಿಂತವರು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇದು ಜರ್ಮನರ ಪಾಪ, ಅವರ ಪ್ರಾಯಶ್ಚಿತ್ತ, ನೌಕರಿಗೆ ಬಂದ ನಮಗೇನು ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ಪಾಪ ನಮ್ಮದಲ್ಲ, ಒಪ್ಪಿದೆ. ಆದರೆ ಮನೆ ಈಗ ನಮ್ಮದು. 1939ರ ಮೇ 17ರ ಜನಗಣತಿಯಲ್ಲಿ ಪ್ರತಿ ಮನೆಯವರಿಂದಲೂ ಅಜ್ಜ ಅಜ್ಜಿಯರು ನಾಲ್ವರ ಮೂಲವನ್ನು ಬರೆಸಿಕೊಂಡರು. ಅದೇ ವರ್ಷ ಬಾಡಿಗೆ ಕಾನೂನಿನ ರಕ್ಷಣೆ ಯಹೂದಿಯರಿಗೆ ತಪ್ಪಿತು. ಇದ್ದ ಮನೆ ಬಿಡಿಸಿ, ಕೋಣೆಗೊಂದು ಸಂಸಾರದಂತೆ ಗುರುತು ಹಾಕಿದ ಮನೆಗಳಿಗೆ ತುಂಬಿದರು. ಬರ್ಲಿನ್‌ನಿಂದ ಮೊದಲ ರೈಲು ಹೊರಟಿದ್ದು 1941ರ ಅಕ್ಟೋಬರ್ 18ರಂದು, ಗ್ರೂನೆವಾಲ್ಡ್ ನಿಲ್ದಾಣದಿಂದ. ಹೊರಡುವ ಮುಂಚೆ ಆ ಜನ ಪುಟಗಟ್ಟಲೆ ಫಾರಂ ತುಂಬಬೇಕಿತ್ತು. ಮನೆಯಲ್ಲಿ ಎಷ್ಟು ಕುರ್ಚಿ, ಎಷ್ಟು ಚಾದರ, ಎಷ್ಟು ಪಾತ್ರೆ ಎಂದು. ಹೋದ ಮೇಲೆ ತೆರಿಗೆ ಇಲಾಖೆ ಅದನ್ನೆಲ್ಲ ಹರಾಜು ಹಾಕಿತು, ಅಕ್ಕಪಕ್ಕದವರು ಕೊಂಡರು. ಖಾಲಿಯಾದ ಮನೆಗೆ ಬೇರೆಯವರು ಬಂದರು. ಆ ಬಾಡಿಗೆದಾರರ ಸಾಲಿನ ಈಚಿನ ತುದಿಯಲ್ಲಿ ನಾವಿದ್ದೇವೆ. ಅದೇ ಮೆಟ್ಟಿಲು ಹತ್ತುತ್ತೇವೆ, ಅದೇ ಕಿಟಕಿ ತೆರೆಯುತ್ತೇವೆ. ಆ ಮನೆಯ ಹಳಬರ ಹೆಸರನ್ನು ಓದಿ ತಿಳಿದಿರುವುದು ನೆರೆಹೊರೆಯವರ ಕನಿಷ್ಠ ಕರ್ತವ್ಯ ಎಂದು ನಾನು ನಂಬಿದ್ದೇನೆ. ಅದಕ್ಕೆ ಜರ್ಮನ್ ರಕ್ತ ಬೇಕಿಲ್ಲ.

ನಮಗೂ ಇವರಿಗೂ ಸಂಬಂಧವೇ ಇಲ್ಲ ಎನ್ನುವಂತೆಯೂ ಇಲ್ಲ. ಬೆಂಗಳೂರಿನವರು ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ನೋಡಿರುತ್ತೀರಿ. ಅದನ್ನು ವಿನ್ಯಾಸ ಮಾಡಿದವರು ಒಟ್ಟೊ ಕ್ಯೋನಿಗ್ಸ್‌ಬೆರ್ಗರ್. ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ. 1933ರಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡು ದೇಶ ಬಿಟ್ಟವರು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಅವರ ಕಟ್ಟಡಗಳಿವೆ. ಅದೇ ಸಂಸ್ಥೆಗೆ ಅವರಿಗಿಂತ ಮುಂಚೆ, 1935ರ ಕೊನೆಯಲ್ಲಿ, ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನ್ ಬಂದಿದ್ದರು. ಗ್ಯೋಟಿಂಗನ್‌ನ ಪ್ರಾಧ್ಯಾಪಕ ಹುದ್ದೆಯಿಂದ ಅವರನ್ನು ಕಿತ್ತುಹಾಕಿದ್ದರು. ಮುಂದೆ ನೊಬೆಲ್ ಪಡೆದ ಆ ಮನುಷ್ಯನಿಗೆ ಬೆಂಗಳೂರಿನಲ್ಲಿ ಕಾಯಂ ಹುದ್ದೆ ಕೊಡಿಸಲು ರಾಮನ್ ಪಟ್ಟ ಪ್ರಯತ್ನ ಕೈಗೂಡಲಿಲ್ಲ, ಅದು ಬೇರೆ ಕಥೆ. ತಪ್ಪಿಸಿಕೊಂಡ ಕೆಲವರಿಗೆ ನಮ್ಮ ಊರು ನೆಲೆ ಕೊಟ್ಟಿತ್ತು ಎಂಬುದು ನೆನಪಿರಲಿ. ತಪ್ಪಿಸಿಕೊಳ್ಳಲಾಗದವರ ಹೆಸರು ಈ ಕಲ್ಲುಗಳಲ್ಲಿದೆ.

ಮತ್ತೆ, ನಮ್ಮ ನಾಡಿನಲ್ಲಿ ಹಿಟ್ಲರ್ ಎಂಬ ಹೆಸರನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಕಟ್ಟುನಿಟ್ಟಿನ ಮೇಷ್ಟ್ರು ಹಿಟ್ಲರ್, ಸಿಡುಕಿನ ಮ್ಯಾನೇಜರ್ ಹಿಟ್ಲರ್. ಅವನ ಆತ್ಮಕಥೆಯನ್ನು ಫುಟ್‌ಪಾತ್ ಪುಸ್ತಕದಂಗಡಿಯಲ್ಲಿ ಮ್ಯಾನೇಜ್‌ಮೆಂಟ್ ಪುಸ್ತಕಗಳ ಪಕ್ಕ ಜೋಡಿಸಿರುತ್ತಾರೆ, ದೇಶ ಕಟ್ಟಿದವನು ಎಂದು ಮೆಚ್ಚಿಕೊಳ್ಳುವವರೂ ಇದ್ದಾರೆ. ಕೆಟ್ಟ ಮನಸ್ಸಿನಿಂದಲ್ಲ, ಗೊತ್ತಿಲ್ಲದೆ. ಶಾಲೆಯ ಪಾಠದಲ್ಲಿ ನಮಗೆ ಸಿಕ್ಕಿದ್ದು ಯುದ್ಧದ ಕಾರಣಗಳು, ಒಪ್ಪಂದಗಳು, ತಾರೀಖುಗಳು. ಮೂರು ವರ್ಷದ ಮಗುವಿನ ಹೆಸರಿರುವ ಕಲ್ಲನ್ನು ಒಮ್ಮೆ ಕೂತು ಓದಿದವರ ಬಾಯಲ್ಲಿ ಆ ಹೆಸರು ತಮಾಷೆಗೆ ಬರುವುದಿಲ್ಲ. ನೀವು ಊರಿಗೆ ಫೋನು ಮಾಡಿ ಹೇಳಬಹುದಾದ ಸಂಗತಿ ಇದು. ದಯವಿಟ್ಟು ಹೇಳಿ.

ಈಗ ಆಕ್ಷೇಪದ ಮಾತು. ಮ್ಯೂನಿಕ್‌ನಲ್ಲಿರುವವರಿಗೆ ನಾನು ಹೇಳುತ್ತಿರುವುದು ತಮ್ಮ ಬೀದಿಯಲ್ಲಿ ಕಾಣಿಸದೇ ಇರಬಹುದು. ಆ ನಗರಸಭೆ ಸಾರ್ವಜನಿಕ ಜಾಗದಲ್ಲಿ ಎಡವುಗಲ್ಲು ಬೇಡ ಎಂದು 2004ರಲ್ಲಿ ತೀರ್ಮಾನಿಸಿತು, 2015ರಲ್ಲಿ ಅದನ್ನೇ ಎತ್ತಿಹಿಡಿಯಿತು. ಬೇಡ ಎಂದವರಲ್ಲಿ ಮುಂಚೂಣಿಯಲ್ಲಿದ್ದವರು ಅಲ್ಲಿನ ಯಹೂದಿ ಸಮುದಾಯದ ಅಧ್ಯಕ್ಷೆ ಷಾರ್ಲೊಟೆ ಕ್ನೊಬ್ಲೊಕ್. ಬಾಲ್ಯದಲ್ಲಿ ಹಳ್ಳಿಯ ಮನೆಯೊಂದರಲ್ಲಿ ಬಚ್ಚಿಟ್ಟುಕೊಂಡು ಬದುಕಿ ಉಳಿದ ಹೆಂಗಸು. ಆಗ ತುಳಿಸಿಕೊಂಡ ಜನರ ಹೆಸರನ್ನು ಈಗ ಮತ್ತೆ ಕಾಲಡಿಗೆ ಹಾಕಬೇಡಿ ಎಂಬುದು ಅವರ ಮಾತು. ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ. ನಮ್ಮಲ್ಲೇ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹಳೆಯ ದೇವಸ್ಥಾನಗಳ ಮೆಟ್ಟಿಲ ಮೇಲೆ, ಪ್ರಾಕಾರದ ಹಾಸುಗಲ್ಲಿನ ಮೇಲೆ ಹೆಸರು ಕೆತ್ತಿರುವುದನ್ನು, ಅಡ್ಡಬಿದ್ದ ಭಕ್ತರ ಚಿತ್ರ ಬಿಡಿಸಿರುವುದನ್ನು ನೀವು ಕಂಡಿದ್ದೀರಿ. ಬರುವವರ ಪಾದಧೂಳಿ ತಮ್ಮ ಮೇಲೆ ಬೀಳಲಿ ಎಂದು ಅವರೇ ಬಯಸಿ ಮಾಡಿಸಿದ್ದು. ಆದರೆ ಬಯಸಿದವರು ಅವರೇ ಎಂಬಲ್ಲೇ ಎಲ್ಲ ವ್ಯತ್ಯಾಸವೂ ಇದೆ. ಬರ್ಲಿನ್‌ನ ಈ ಜನರನ್ನು ಯಾರೂ ಕೇಳಲಿಲ್ಲ, ಕೇಳಲು ಅವರಿಲ್ಲ. ಹಾಗಾಗಿ ಕ್ನೊಬ್ಲೊಕ್ ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಮ್ಯೂನಿಕ್ 2018ರಿಂದ ತನ್ನದೇ ಗುರುತುಗಳನ್ನು ಹಾಕುತ್ತಿದೆ: ಕಣ್ಣಿನ ಎತ್ತರಕ್ಕೆ, ಗೋಡೆಯ ಮೇಲೆ ಅಥವಾ ಕಂಬಕ್ಕೆ, ಚಿನ್ನದ ಬಣ್ಣದ ಲೋಹದಲ್ಲಿ, ಸಿಕ್ಕಿದ್ದರೆ ಫೋಟೋ ಸಮೇತ. ಅಲ್ಲಿದ್ದರೆ ಅವನ್ನೇ ನಿಂತು ಓದಿ, ಮುಖ ನೋಡಿ. ನನ್ನ ಮನಸ್ಸು ಮಾತ್ರ ನೆಲದ ಕಲ್ಲಿನ ಕಡೆಗೇ ವಾಲುತ್ತದೆ. ಅದನ್ನು ಓದಬೇಕಾದರೆ ನಾವು ಬಗ್ಗಬೇಕು, ಒರೆಸಬೇಕಾದರೆ ಮಂಡಿಯೂರಬೇಕು. ಬಗ್ಗುವವರು ಇಲ್ಲದ ಬೀದಿಯಲ್ಲಿ ಮಾತ್ರ ಅದು ಬರೀ ತುಳಿಯುವ ಕಲ್ಲಾಗಿ ಉಳಿಯುತ್ತದೆ, ಕ್ನೊಬ್ಲೊಕ್ ಅವರ ಭಯ ನಿಜವಾಗುತ್ತದೆ. ಹಾಗಾಗಬಾರದು ಎನ್ನುವುದೇ ಈ ಪತ್ರದ ಉದ್ದೇಶ.

ಈ ಕಲೆಯಲ್ಲಿ ನಾನು ಒಪ್ಪದ ಸಂಗತಿಯೂ ಇದೆ. ಕೆಲವು ಕಲ್ಲುಗಳ ಮೇಲೆ ನಾಜಿ ನ್ಯಾಯಾಲಯಗಳು ಹೊರಿಸಿದ ಆಪಾದನೆಯ ಪದಗಳನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿದ್ದಾರೆ. ಆ ಆಡಳಿತದ ಕ್ರೌರ್ಯ ಗೊತ್ತಾಗಲಿ ಎಂಬ ಕಾರಣ ಇರಬಹುದು. ಆದರೆ ಓದಿಕೊಂಡು ದಾಟಿ ಹೋಗುವವರ ತಲೆಯಲ್ಲಿ ಉಳಿಯುವುದು ಆ ಬೈಗುಳವೇ. ಕುಟುಂಬದವರು ನೊಂದು ವಿರೋಧಿಸಿದ್ದು ಸರಿ ಎಂದೇ ನನಗನ್ನಿಸುತ್ತದೆ.

ಕಲ್ಲುಗಳನ್ನು ಕಿತ್ತುಕೊಂಡು ಹೋದವರೂ ಇದ್ದಾರೆ. 2017ರ ನವೆಂಬರ್‌ನಲ್ಲಿ ಬರ್ಲಿನ್‌ನ ನೊಯ್‌ಕ್ಯೋಲ್ನ್ ಭಾಗದಲ್ಲಿ 16 ಕಲ್ಲುಗಳು ಕಾಣೆಯಾದವು. 2024ರ ಅಕ್ಟೋಬರ್ 7ರಂದು, ಇಸ್ರೇಲಿನ ಮೇಲೆ ಹಮಾಸ್ ದಾಳಿ ನಡೆದು ವರ್ಷ ತುಂಬಿದ ದಿನ, ತ್ಸೈಟ್ಸ್ ಎಂಬ ಸಣ್ಣ ಊರಿನಲ್ಲಿದ್ದ ಹತ್ತಕ್ಕೆ ಹತ್ತೂ ಕಲ್ಲುಗಳನ್ನು ಅಗೆದು ಒಯ್ದರು. ಎರಡು ಕಡೆಯೂ ಜನ ಹಣ ಹಾಕಿ ಮತ್ತೆ ಮಾಡಿಸಿದರು. ಈಚಿನ ಯುದ್ಧದ ಬಗ್ಗೆ ನಿಮ್ಮ ನಿಲುವು ಯಾವುದೇ ಇರಲಿ. ಗಾಜಾದ ಮಕ್ಕಳಿಗಾಗಿ ನಿಮ್ಮ ಹೊಟ್ಟೆ ಉರಿಯುತ್ತಿರಬಹುದು, ನನ್ನದೂ ಉರಿಯುತ್ತದೆ. ಆ ಸಂಕಟಕ್ಕೂ 1942ರಲ್ಲಿ ಕೊಲೆಯಾದವರ ಹೆಸರನ್ನು ಅಳಿಸುವುದಕ್ಕೂ ಸಂಬಂಧವಿಲ್ಲ. ಒಬ್ಬರ ಸಾವಿನ ಲೆಕ್ಕವನ್ನು ಇನ್ನೊಬ್ಬರ ಕಲ್ಲಿನ ಮೇಲೆ ತೀರಿಸಿಕೊಳ್ಳುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ನಮ್ಮ ವಾಟ್ಸಾಪ್ ಗುಂಪುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಜನವರಿ 27, ಅಂದರೆ 1945ರಲ್ಲಿ ಔಷ್ವಿಟ್ಸ್ ಬಿಡುಗಡೆಯಾದ ದಿನ ಬಂತೆಂದರೆ ಪಟ್ಟೆಯಂಗಿ ತೊಟ್ಟ ಮಕ್ಕಳ, ಕಣ್ಣೀರಿನ, ಪಿಟೀಲಿನ ಚಿತ್ರಗಳು ಹರಿದಾಡುತ್ತವೆ. ಎಷ್ಟೋ ಚಿತ್ರಗಳು ಎಐ ಕಟ್ಟಿದವು. ಇಲ್ಲದ ಮಗುವಿಗೆ ಹೆಸರಿಟ್ಟು, ನಡೆಯದ ಕಥೆ ಹೆಣೆದು, ಲೈಕಿಗಾಗಿ ಬಿಡುವ ಪುಟಗಳಿವೆ ಎಂದು ಔಷ್ವಿಟ್ಸ್ ಮ್ಯೂಸಿಯಮ್ಮೇ 2025ರಲ್ಲಿ ಎಚ್ಚರಿಸಿತು. ಗೌರವದಿಂದಲೇ ಮಾಡಿದರೂ ಅಂಥ ಚಿತ್ರ ನಿಜವಾದ ಮಗುವಿನ ಜಾಗವನ್ನು ಕಸಿಯುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ, ಇದೆಲ್ಲ ನಡೆದೇ ಇಲ್ಲ ಎನ್ನುವವರಿಗೆ ಅದೇ ಆಧಾರವಾಗುತ್ತದೆ. ಎಡವುಗಲ್ಲಿನ ಶಿಸ್ತು ಇದಕ್ಕೆ ನೇರ ವಿರುದ್ಧ. ದಾಖಲೆಯಲ್ಲಿ ಸಿಕ್ಕಿದ್ದನ್ನಷ್ಟೇ ಹೇಳುತ್ತದೆ. ಕೊನೆಗೆ ಏನಾಯಿತೆಂದು ತಿಳಿಯದಿದ್ದರೆ ತಿಳಿಯದು ಎಂದೇ ಬರೆಯುತ್ತಾರೆ. ಚಿತ್ರ ಬರೆಯಬಲ್ಲ, ಕವಿತೆ ಕಟ್ಟಬಲ್ಲ ಕನ್ನಡಿಗರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ನೀವು ಈ ವಸ್ತುವನ್ನು ಕೈಗೆತ್ತಿಕೊಳ್ಳುವುದಾದರೆ ನಿಮ್ಮ ಬೀದಿಯ ಒಂದು ನಿಜವಾದ ಹೆಸರಿನಿಂದ ಶುರು ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಇನ್ನು ಕೆಲಸದ ವಿಷಯ. ಹಿತ್ತಾಳೆ ಮಳೆ, ಹಿಮ, ಉಪ್ಪಿಗೆ ಸಿಕ್ಕಿ ಕೆಲವು ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಪ್ಪಾಗಿ ಹೆಸರೇ ಕಾಣುವುದಿಲ್ಲ. ತೊಳೆಯಲು ಯಾರ ಅನುಮತಿಯೂ ಬೇಡ. ಮೊದಲು ನೀರು, ಸ್ಪಂಜಿನಿಂದ ಮಣ್ಣು ತೆಗೆಯಿರಿ. ಆಮೇಲೆ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಲೋಹದ ಪಾಲಿಶ್ ಸ್ವಲ್ಪ ಹಚ್ಚಿ, ಕೆಲ ನಿಮಿಷ ಬಿಟ್ಟು, ಹತ್ತಿ ಬಟ್ಟೆಯಿಂದ ತಿಕ್ಕಿ. ದೀಪಾಳೆಕಂಬ ತಿಕ್ಕಿ ಬೆಳೆದ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಅದರಿಂದಲೂ ಹೊಳಪು ಬರುತ್ತದೆ, ಆದರೆ ಹುಳಿ ಉಳಿದರೆ ಹಿತ್ತಾಳೆ ಬೇಗ ಕಲೆಗಟ್ಟುತ್ತದೆ, ಚೆನ್ನಾಗಿ ನೀರು ಹಾಕಿ ಒರೆಸಬೇಕು. ತಂತಿಯ ಬ್ರಶ್ಶು, ಸ್ಟೀಲ್ ಜುಂಗು ಮಾತ್ರ ಖಂಡಿತ ಬೇಡ, ಗೀರು ಬೀಳುತ್ತದೆ. ಅಕ್ಷರದ ಗುಳಿಯೊಳಗಿನ ಕಪ್ಪನ್ನು ಕೆದಕಿ ತೆಗೆಯಬೇಡಿ. ಸುತ್ತ ಹೊಳಪು ಬಂದು ಒಳಗೆ ಕಪ್ಪು ಉಳಿದರೇ ಹೆಸರು ದೂರದಿಂದ ಓದಲು ಬರುವುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು ಕೊಂದ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದು, ಇವನಿಗೆ ನನ್ನಷ್ಟೇ ವಯಸ್ಸು ಎನ್ನುತ್ತಾರೆ. ಆಗ ಕೇಳುವ ಪ್ರಶ್ನೆಗೆ ತಿಳಿದಷ್ಟು ಉತ್ತರ ಕೊಡಿ.

ಬರ್ಲಿನ್, ಹ್ಯಾಂಬರ್ಗ್‌ಗಳಲ್ಲಿ ಬೀದಿಯ ಹೆಸರು ಹಾಕಿದರೆ ಅಲ್ಲಿರುವ ಕಲ್ಲುಗಳನ್ನೂ ಎಷ್ಟೋ ಜನರ ಜೀವನ ಕಥೆಯನ್ನೂ ತೋರಿಸುವ ಜಾಲತಾಣಗಳಿವೆ. ಕಲೋನ್, ಡ್ಯುಸೆಲ್‌ಡಾರ್ಫ್ ಕಡೆಯವರಿಗೆ ಮೊಬೈಲ್ ಆ್ಯಪ್ ಇದೆ. ನಿಮ್ಮ ಮನೆ ಮುಂದೆ ಕಲ್ಲಿಲ್ಲದೆ, ಅಲ್ಲಿಂದ ಒಬ್ಬರನ್ನು ಸಾಗಿಸಿದ ದಾಖಲೆ ಸಿಕ್ಕರೆ ಸ್ಥಳೀಯ ಗುಂಪಿನ ಜೊತೆ ಸೇರಿ ಹೊಸ ಕಲ್ಲಿಗೆ ಅರ್ಜಿ ಹಾಕಬಹುದು. ಮೊದಲು ಅವರ ಬಂಧುಗಳನ್ನು ಹುಡುಕಿ ಕೇಳಬೇಕು, ಅದು ನಿಧಾನದ ಕೆಲಸ.

ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ವಿಶೇಷ ವಿನಂತಿ. ನವೆಂಬರ್ ಒಂದರ ರಾಜ್ಯೋತ್ಸವವನ್ನು ನಾವು ಆ ತಿಂಗಳ ಯಾವುದೋ ಶನಿವಾರ ಭಾನುವಾರ ಮಾಡುತ್ತೇವೆ. 1938ರಲ್ಲಿ ದೇಶದುದ್ದಕ್ಕೂ ಯಹೂದಿ ಮಂದಿರಗಳಿಗೆ ಬೆಂಕಿಯಿಟ್ಟ ನವೆಂಬರ್ 9ರ ರಾತ್ರಿಯೂ ಅದೇ ಹೊತ್ತಿಗೆ ಬರುತ್ತದೆ. ಅಂದು ಊರೂರಿನ ಜನ ಕಲ್ಲು ತೊಳೆದು, ಮೇಣದಬತ್ತಿ ಹಚ್ಚಿ, ಹೂವಿಡುತ್ತಾರೆ. ಈ ವರ್ಷದಿಂದ ಒಂದೊಂದು ಸಂಘವೂ ಒಂದೊಂದು ಬೀದಿಯನ್ನು ವಹಿಸಿಕೊಳ್ಳಲಿ. ಆ ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಂಡು, ನಮ್ಮ ಮಕ್ಕಳು ಆ ಹೆಸರುಗಳನ್ನು ಗಟ್ಟಿಯಾಗಿ ಓದಲಿ. ಭಾಷಣ ಬೇಡ, ಬ್ಯಾನರ್ ಬೇಡ. ಬಕೆಟ್ಟು, ಬಟ್ಟೆ, ಮಂಡಿಯ ಕೆಳಗೆ ಹಾಕಿಕೊಳ್ಳಲು ಹಳೆಯ ಚಾಪೆ ಇದ್ದರೆ ಸಾಕು. ಬರ್ಲಿನ್‌ನಲ್ಲಿ ಯಾರಾದರೂ ಮುಂದೆ ಬಂದರೆ ಪಾಲಿಶ್ ನಾನು ತರುತ್ತೇನೆ.

ಇಂತಿ,
ಬರ್ಲಿನ್‌ನಲ್ಲಿ ನೆಲೆಸಿರುವ ನಿಮ್ಮ ಒಬ್ಬ ಕನ್ನಡತಿ